ಮೀನು ಹಿಡಿಯೋಕೆ ಬಾಳಿಕೆ ಬರುವ ಫ್ಲೋಟ್ ಟ್ಯೂಬ್ ಆರಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್ ಸುತ್ತಮುತ್ತ ಇರುವ ನಮ್ಮ ಕನ್ನಡದ ಗೆಳೆಯರಿಗೆ ಮೀನು ಹಿಡಿಯೋ ಹುಚ್ಚು ಒಬ್ಬೊಬ್ಬರಿಗೇ ಹತ್ತುತ್ತಿದೆ. ಮೊದಲು ದಡದಲ್ಲಿ ನಿಂತು ಗಾಳ ಹಾಕುತ್ತಾರೆ. ಆಮೇಲೆ ಮೀನೆಲ್ಲ ಅಲ್ಲೆಲ್ಲೋ ನಡುನೀರಲ್ಲಿ ಎಗರುವುದನ್ನು ನೋಡಿ ಹೊಟ್ಟೆ ಉರಿದುಕೊಂಡು ನನಗೆ ಫೋನ್ ಮಾಡುತ್ತಾರೆ. "ದೋಣಿ ಇಡೋಕೆ ಜಾಗ ಇಲ್ಲ, ಅಪಾರ್ಟ್‌ಮೆಂಟು. ಯಾವ ಟ್ಯೂಬ್ ತಗೊಳ್ಳಲಿ?" ಅಂತ. ಹಾಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಹೇಳೋದು ಇಲ್ಲಿನ ನಿಂತ ನೀರಿನ, ತಣ್ಣನೆಯ ಕೆರೆಗಳ ಲೆಕ್ಕದಲ್ಲಿ.

ಫ್ಲೋಟ್ ಟ್ಯೂಬ್ ಅಂದ್ರೆ ನಮ್ಮೂರಿನ ಲಾರಿ ಟ್ಯೂಬೇ ಅಲ್ವಾ?

ಹುಟ್ಟಿದ್ದು ಅದರಿಂದಲೇ. ಇಲ್ಲಿಯೂ ಮೊದಮೊದಲು ಲಾರಿ ಟ್ಯೂಬಿಗೆ ದಪ್ಪ ಬಟ್ಟೆಯ ಕವರ್ ಹೊಲಿಸಿ, ಮಧ್ಯದ ತೂತಿಗೆ ಒಂದು ಪಟ್ಟಿ ಕಟ್ಟಿ, ಅದರ ಮೇಲೆ ಕೂತು ಕಾಲು ಬಡಿಯುತ್ತಿದ್ದರು. ನಮ್ಮ ಕಡೆ ಕೆರೆಗಳಲ್ಲಿ ಬಲೆ ಬಿಡುವವರು ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು ಹೋಗುತ್ತಾರಲ್ಲ, ಅದರ ತಮ್ಮ ಅಂದುಕೊಳ್ಳಿ. ಈಗ ಸೀಟು, ಬೆನ್ನಿಗೆ ಒರಗು, ಸಾಮಾನು ಇಡೋಕೆ ಜೇಬು ಎಲ್ಲ ಬಂದಿದೆ. ಸೊಂಟದಿಂದ ಕೆಳಗೆ ನೀರಲ್ಲಿ, ಮೇಲೆ ಗಾಳಿಯಲ್ಲಿ. ಕಾಲಿಗೆ ಫಿನ್ಸ್, ಅಂದರೆ ಬಾತುಕೋಳಿ ಪಾದದ ಥರದ ಅಗಲ ರೆಕ್ಕೆ, ಹಾಕಿಕೊಂಡು ಹಿಮ್ಮುಖವಾಗಿ ಸಾಗಬೇಕು. ಎರಡೂ ಕೈ ಗಾಳದ ಕೋಲಿಗೆ ಬಿಡುವು. ಅದೇ ಇದರ ಸುಖ.

ಬಾಳಿಕೆ ಬರುತ್ತಾ ಅಂತ ತಿಳಿಯೋಕೆ ಮೊದಲು ಏನು ನೋಡಬೇಕು?

ಎಲ್ಲರೂ ಮೊದಲು ಬಟ್ಟೆ ಹಿಸುಕಿ ನೋಡುತ್ತಾರೆ. ಬಟ್ಟೆ ದಪ್ಪ ಇದೆ, ಗಟ್ಟಿ ಇದೆ, ತಗೊಂಡುಬಿಡೋಣ ಅಂತ. ಬಟ್ಟೆಯ ನಡುಭಾಗ ಹರಿದು ಹಾಳಾದ ಟ್ಯೂಬನ್ನು ನಾನು ಇಷ್ಟು ವರ್ಷದಲ್ಲಿ ನೋಡಿದ್ದು ತೀರಾ ಕಡಿಮೆ. ಹಾಳಾಗೋದು ಹೊಲಿಗೆ, ಜಿಪ್, ವಾಲ್ವ್‌ನ ಬುಡ, ಮತ್ತೆ ಬ್ಲಾಡರಿನ, ಅಂದರೆ ಒಳಗಿನ ಗಾಳಿಚೀಲದ, ಅಂಟು. ಈ ನಾಲ್ಕು ಜಾಗ.

ನಮ್ಮ ಸೋದರಮಾವ ಅರಸೀಕೆರೆ ಕಡೆ ರಸ್ತೆ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದರು. ನಾನು ಮೊದಲ ಟ್ಯೂಬ್ ತಗೊಂಡಾಗ ವಿಡಿಯೋ ಕಾಲಲ್ಲಿ ಅವರಿಗೆ ಖುಷಿಯಿಂದ ತೋರಿಸಿದೆ. ಬಣ್ಣ ನೋಡಲಿಲ್ಲ, ಸೀಟು ನೋಡಲಿಲ್ಲ. "ಒಳಮಗ್ಗುಲು ತಿರುಗಿಸಪ್ಪಾ, ಹೊಲಿಗೆ ತೋರಿಸು" ಅಂದರು. ಜಿಪ್ ಬಿಚ್ಚಿ ಒಳಗಡೆ ತೋರಿಸಿದೆ. "ನೋಡಪ್ಪಾ, ಗಾಳಿ ಹಿಡಿಯೋದು ಟ್ಯೂಬು, ಒತ್ತಡ ತಡೆಯೋದು ಟಯರು. ಟಯರ್ ಬಾಯಿಬಿಟ್ರೆ ಟ್ಯೂಬ್ ಎಷ್ಟು ಚೆನ್ನಾಗಿದ್ದರೂ ಅಷ್ಟೆ" ಅಂದರು. ಇಡೀ ಫ್ಲೋಟ್ ಟ್ಯೂಬಿನ ವಿಷಯ ಆ ಮಾತಲ್ಲೇ ಇದೆ. ಒಳಗಿನ ಬ್ಲಾಡರ್ ಬರೀ ಗಾಳಿ ಸೋರದ ಹಾಗೆ ಹಿಡಿದಿಡುವ ಚೀಲ. ಅದನ್ನು ಅದರ ಅಳತೆಗಿಂತ ಉಬ್ಬದ ಹಾಗೆ ಬಿಗಿದು ನಿಲ್ಲಿಸೋದು ಹೊರಗಿನ ಕವರ್. ಕವರಿನ ಹೊಲಿಗೆ ಎರಡಿಂಚು ಬಿಟ್ಟರೂ ಬ್ಲಾಡರ್ ಅಲ್ಲಿಂದ ಗುಳ್ಳೆ ಥರ ಹೊರಗೆ ಬರುತ್ತದೆ, ತೆಳುವಾಗುತ್ತದೆ, ಒಡೆಯುತ್ತದೆ.

ಹಾಗಾಗಿ ಅಂಗಡಿಯಲ್ಲಿ ಜಿಪ್ ಬಿಚ್ಚಿ ಕವರಿನ ಒಳಭಾಗ ನೋಡಿ. ಎರಡು ಸಾಲು ಹೊಲಿಗೆ ಇರಬೇಕು. ಬಟ್ಟೆಯ ಅಂಚು ನೂಲು ಬಿಡದ ಹಾಗೆ ಪಟ್ಟಿ ಮಡಚಿ ಹೊಲಿದಿರಬೇಕು. ಹೆಬ್ಬೆರಳ ಉಗುರಿನಿಂದ ಹೊಲಿಗೆಯ ಎರಡು ಬದಿಯ ಬಟ್ಟೆಯನ್ನು ಬೇರೆ ಬೇರೆ ಕಡೆಗೆ ಎಳೆಯಿರಿ. ಸೂಜಿತೂತು ಅಗಲವಾಗಿ ಆಚೆಯ ಬೆಳಕು ಕಂಡರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಸೀಟಿನ ಪಟ್ಟಿ ಕವರಿಗೆ ಸೇರುವ ಕಡೆ ಚೌಕಾಕಾರದಲ್ಲಿ ಅಡ್ಡಗೆರೆ ಹಾಕಿ ಹೊಲಿದಿದ್ದಾರಾ ನೋಡಿ, ಯಾಕಂದ್ರೆ ನಿಮ್ಮ ಪೂರ್ತಿ ಭಾರ ಆ ನಾಲ್ಕಾರು ಜಾಗದ ಮೇಲೇ ಬೀಳೋದು.

ಜಿಪ್ ವಿಷಯದಲ್ಲಿ ಜಿಪುಣತನ ಬೇಡ. ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ ಒಳ್ಳೆಯದು, ವೈಕೆಕೆ ಅಂತ ಗುರುತಿದ್ದರೆ ನನಗೆ ಅರ್ಧ ಸಮಾಧಾನ. ಸಾಮಾನ್ಯ ಲೋಹದ ಜಿಪ್ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ಜಿಪ್ ಮೇಲೆ ಮುಚ್ಚುವ ಪಟ್ಟಿ ಇದೆಯಾ, ತುದಿಯಲ್ಲಿ ಜಾರದ ಹಾಗೆ ಹಿಡಿಯೋಕೆ ಏನಾದರೂ ಇದೆಯಾ ನೋಡಿ.

ಬ್ಲಾಡರ್ ಪಿವಿಸಿದು ಇರಲಾ, ಯುರೆಥೇನ್ ಇರಲಾ?

ದುಡ್ಡು ಇದ್ದರೆ ಯುರೆಥೇನ್. ಎರಡನೇ ಮಾತಿಲ್ಲ.

ಪಿವಿಸಿ ಅಥವಾ ವಿನೈಲ್ ಅಗ್ಗ, ಹೆಚ್ಚಿನ ಟ್ಯೂಬುಗಳಲ್ಲಿ ಬರೋದು ಅದೇ. ಅದಕ್ಕೆ ಮೆತ್ತಗಾಗಲಿ ಅಂತ ಒಂದು ಪದಾರ್ಥ ಬೆರೆಸಿರುತ್ತಾರೆ, ವರ್ಷ ಕಳೆದಂತೆ ಅದು ಹೊರಗೆ ಹೋಗುತ್ತಾ ವಿನೈಲ್ ಬಿರುಸಾಗುತ್ತದೆ. ಚಳಿಯಲ್ಲಿ ಇನ್ನೂ ಬಿರುಸು. ಆಗ ಮಡಿಕೆ ಬಿದ್ದ ಕಡೆ ಸಣ್ಣ ಬಿರುಕು. ಯುರೆಥೇನ್ ಚಳಿಯಲ್ಲೂ ಮೆತ್ತಗೆ ಇರುತ್ತದೆ, ಉಜ್ಜಿದರೆ ಬೇಗ ಸವೆಯಲ್ಲ, ಅದೇ ಗಟ್ಟಿತನಕ್ಕೆ ತೂಕವೂ ಕಡಿಮೆ. ಬೆಲೆ ಮಾತ್ರ ಜಾಸ್ತಿ. ಆದರೆ ಪಿವಿಸಿ ಬ್ಲಾಡರ್ ಇರೋ ಟ್ಯೂಬ್ ತಗೊಂಡವರು ಕಂಗಾಲಾಗಬೇಕಿಲ್ಲ. ಕವರ್ ಚೆನ್ನಾಗಿದ್ದರೆ ಮುಂದೆ ಬ್ಲಾಡರ್ ಒಂದನ್ನೇ ಬದಲಾಯಿಸಬಹುದು. ತಗೊಳ್ಳುವ ಮೊದಲೇ ಆ ಮಾದರಿಗೆ ಬಿಡಿ ಬ್ಲಾಡರ್ ಸಿಗುತ್ತಾ ಅಂತ ಕೇಳಿ. ಸಿಗದೇ ಇದ್ದರೆ ಬ್ಲಾಡರ್ ಹೋದ ದಿನ ಟ್ಯೂಬೂ ಹೋಯಿತು ಅಂತಲೇ ಲೆಕ್ಕ.

420 ಡೆನಿಯರ್, 600 ಡೆನಿಯರ್ ಅಂತ ಬರೆದಿರುತ್ತಾರೆ. ದೊಡ್ಡ ಸಂಖ್ಯೆ ಇದ್ದರೆ ಗಟ್ಟಿ ಅಂತಲೇ?

ಡೆನಿಯರ್ ಅನ್ನೋದು ನೂಲಿನ ತೂಕ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಷ್ಟೇ ಅದರ ಅರ್ಥ. ನೂಲು ಯಾವುದರದ್ದು, ನೇಯ್ಗೆ ಎಷ್ಟು ಒತ್ತಾಗಿದೆ, ಒಳಗೆ ಯಾವ ಲೇಪ ಇದೆ, ಇದ್ಯಾವುದನ್ನೂ ಆ ಸಂಖ್ಯೆ ಹೇಳಲ್ಲ. ಒತ್ತಾಗಿ ನೇಯ್ದ 420ರ ನೈಲಾನ್, ಸಡಿಲವಾಗಿ ನೇಯ್ದ 600ರ ಪಾಲಿಯೆಸ್ಟರಿಗಿಂತ ಚೆನ್ನಾಗಿ ಉಜ್ಜಾಟ ತಡೆಯಬಹುದು. ಅದೇ ಬಿಸಿಲಿನ ವಿಷಯಕ್ಕೆ ಬಂದರೆ ಪಾಲಿಯೆಸ್ಟರ್ ಮೇಲು. ನೈಲಾನ್ ಬಿಸಿಲಿಗೆ ಬೇಗ ಸೊರಗುತ್ತದೆ.

ನಾನು ನೋಡೋದು ಕೆಳಭಾಗ. ನೀರಿಗೆ ಇಳಿಯುವಾಗ, ಹತ್ತುವಾಗ ಕಲ್ಲಿಗೆ ತಾಗೋದು ಆ ಭಾಗವೇ. ಅಲ್ಲಿ 1,000 ಡೆನಿಯರ್ ಮೇಲ್ಪಟ್ಟ ಬಟ್ಟೆಯೋ ಪಿವಿಸಿ ಲೇಪದ ದಪ್ಪ ಬಟ್ಟೆಯೋ ಹಾಕಿದ್ದರೆ, ಮೇಲ್ಭಾಗ 420 ಇದ್ದರೂ ನನಗೆ ತಕರಾರಿಲ್ಲ.

ಬ್ಲಾಡರೇ ಇಲ್ಲದ ಟ್ಯೂಬ್ ಬಂದಿದೆಯಲ್ಲ, ಅದು?

ರಬ್ಬರ್ ರಾಫ್ಟ್ ಥರ. ಪಿವಿಸಿ ಲೇಪದ ದಪ್ಪ ಬಟ್ಟೆಯನ್ನೇ ಬಿಸಿ ಮಾಡಿ ಬೆಸೆದು ಅಥವಾ ಅಂಟಿಸಿ ಗಾಳಿ ತುಂಬುವ ಹಾಗೆ ಮಾಡಿರುತ್ತಾರೆ. ಜಿಪ್ ಇಲ್ಲ, ಒಳಗೆ ಮರಳು ಸೇರೋದಿಲ್ಲ, ಒರೆಸಿದರೆ ಒಣಗಿತು. ಪ್ಯಾಚ್ ಹಾಕೋದೂ ಸುಲಭ, ತೂತು ಕಣ್ಣೆದುರೇ ಇರುತ್ತದೆ. ಬೆಸುಗೆ ಒಳ್ಳೆಯದಿದ್ದರೆ ತುಂಬ ವರ್ಷ ಬರುತ್ತದೆ. ಆದರೆ ಬೆಸುಗೆ ಬಿಟ್ಟರೆ ಮನೆಯಲ್ಲಿ ರಿಪೇರಿ ಕಷ್ಟ, ತೂಕ ಜಾಸ್ತಿ, ಬೆಲೆ ಇನ್ನೂ ಜಾಸ್ತಿ. ಕಾರಿನಿಂದ ಕೆರೆಗೆ ಐವತ್ತು ಹೆಜ್ಜೆ ಇರುವ ಕಡೆ ಹೋಗುವವರಿಗೆ ಇದು ಚೆನ್ನ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಬೇಡ.

ಗುಂಡಗಿನದ್ದು, ಯು ಆಕಾರದ್ದು, ವಿ ಆಕಾರದ್ದು. ಯಾವುದು?

ಗುಂಡಗಿನದ್ದು ಬೇಡ. ಗಟ್ಟಿ ಇರುತ್ತದೆ, ನಿಜ, ಅಗ್ಗವೂ ಹೌದು. ಆದರೆ ಫಿನ್ಸ್ ಹಾಕಿದ ಕಾಲನ್ನು ಮೇಲಿಂದ ತೂತಿನೊಳಗೆ ತೂರಿಸಿ ಇಳಿಯಬೇಕು. ನೀರಲ್ಲಿ ಏನಾದರೂ ಎಡವಟ್ಟಾದರೆ ಬೇಗ ಈಚೆ ಬರೋಕೆ ಆಗಲ್ಲ. ಯು ಮತ್ತು ವಿ ಮುಂದೆ ತೆರೆದಿರುತ್ತವೆ, ಕುರ್ಚಿಯಲ್ಲಿ ಕೂತ ಹಾಗೆ ಹಿಂದಕ್ಕೆ ಕೂತರಾಯಿತು. ವಿ ಆಕಾರದ್ದು ನೀರನ್ನು ಚೆನ್ನಾಗಿ ಸೀಳುತ್ತದೆ, ಕಾಲಿಗೆ ದಣಿವು ಕಡಿಮೆ. ಎರಡು ತೋಳೂ ಹಿಗ್ಗದ ಹಾಗೆ ಮುಂದೆ ಒಂದು ಅಡ್ಡಕೋಲು ಬರುತ್ತದೆ. ಅದು ತೀರಾ ತೆಳು ಇದ್ದರೆ ಬಾಗುತ್ತದೆ, ಅದನ್ನೂ ಒಮ್ಮೆ ಒತ್ತಿ ನೋಡಿ.

ನನ್ನ ತೂಕ 95 ಕೆಜಿ. 110 ಕೆಜಿ ಹೊರುತ್ತೆ ಅಂತ ಬರೆದಿರೋದು ಸಾಕಲ್ವಾ?

ಸಾಲದು. ವೇಡರ್ (ನೀರು ಒಳಗೆ ಬರದ ಉದ್ದ ಪ್ಯಾಂಟು), ಜಾಕೆಟ್, ಒದ್ದೆ ಬಟ್ಟೆ, ಗಾಳದ ಡಬ್ಬಿ, ನೀರಿನ ಬಾಟಲಿ, ಊಟದ ಡಬ್ಬಿ, ಫಿನ್ಸ್, ಇದೆಲ್ಲ ಸೇರಿಸಿ. ಹತ್ತಿರಹತ್ತಿರ 110 ಆಗಿಯೇಬಿಟ್ಟಿತು. ಟ್ಯೂಬ್ ಮುಳುಗಲ್ಲ, ಆದರೆ ತಗ್ಗಾಗಿ ಕೂರುತ್ತದೆ, ಸೊಂಟ ಪೂರ್ತಿ ನೀರಲ್ಲಿ, ಚಳಿ, ಒಂದು ಸಣ್ಣ ಅಲೆ ಬಂದರೂ ಬೆನ್ನ ಹಿಂದಿನಿಂದ ನೀರು. ಹೊಲಿಗೆಯ ಮೇಲೂ ಎಳೆತ ಜಾಸ್ತಿ. ನಿಮ್ಮಂಥವರಿಗೆ 140–150 ಕೆಜಿ ಅಂತ ಬರೆದಿರುವ ವಿ ಆಕಾರದ್ದು ನೋಡಿ. ಇಲ್ಲಿ ಪೌಂಡಿನಲ್ಲಿ ಬರೆದಿರುತ್ತಾರೆ, 300 ಪೌಂಡ್ ಅಂದರೆ ಸುಮಾರು 136 ಕೆಜಿ.

ತೂಕಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ, ಯಾರೂ ಕೇಳಲ್ಲ. ಗಾಳಿಯ ಕೋಣೆ ಎಷ್ಟು? ಕಡಿಮೆ ಅಂದರೂ ಎರಡು ಬೇರೆ ಬೇರೆ ಕೋಣೆ ಇರಬೇಕು. ಒಂದು ಖಾಲಿಯಾದರೂ ಇನ್ನೊಂದು ನಿಮ್ಮನ್ನು ದಡದ ತನಕ ಹಿಡಿದಿರಬೇಕು. ಬೆನ್ನೊರಗಿನ ಚಿಕ್ಕ ಬ್ಲಾಡರನ್ನೇ ಎರಡನೇ ಕೋಣೆ ಅಂತ ಎಣಿಸಿರುತ್ತಾರೆ ಕೆಲವರು, ವಿಚಾರಿಸಿ ತಗೊಳ್ಳಿ.

ವಾಲ್ವ್ ಯಾವುದು ಒಳ್ಳೆಯದು?

ಬಾಸ್ಟನ್ ವಾಲ್ವ್ ಅಂತ ದೊಡ್ಡ ಬಾಯಿಯದ್ದು ಬರುತ್ತದೆ, ಬೇಗ ತುಂಬಬಹುದು, ಬಿಚ್ಚಿದರೆ ಭುಸ್ ಅಂತ ಖಾಲಿ. ಹಾಲ್ಕಿ ರಾಬರ್ಟ್ಸ್ ವಾಲ್ವ್ ಅದಕ್ಕಿಂತ ಗಟ್ಟಿ, ರಾಫ್ಟುಗಳಲ್ಲಿ ಬಳಸುವಂಥದ್ದು. ಈಜುಕೊಳದ ಆಟಿಕೆಗಳಲ್ಲಿ ಇರುವ ಹಿಸುಕಿ ಊದುವ ಪ್ಲಾಸ್ಟಿಕ್ ನಳಿಗೆ ಮುಖ್ಯ ಕೋಣೆಗೇ ಹಾಕಿದ್ದರೆ ಆ ಟ್ಯೂಬ್ ಬಿಟ್ಟುಬಿಡಿ. ಯಾವ ವಾಲ್ವೇ ಇರಲಿ, ಅದರ ಬುಡ ಕವರಿನ ತೂತಿಗೆ ನೇರವಾಗಿ ಕೂತಿರಬೇಕು. ಓರೆಯಾಗಿ ಎಳೆದುಕೊಂಡಿದ್ದರೆ ಬುಡದ ಬೆಸುಗೆ ಅಲ್ಲೇ ಬಿಡೋಕೆ ಶುರುವಾಗುತ್ತದೆ. ಗಾಳಿ ತುಂಬುವ ಮುಂಚೆ ಬ್ಲಾಡರನ್ನು ಸ್ವಲ್ಪ ಸರಿಸಿ ಸರಿಮಾಡೋದು ಅರ್ಧ ನಿಮಿಷದ ಕೆಲಸ.

ಎಷ್ಟು ಗಾಳಿ ತುಂಬಬೇಕು?

ಕಂಪನಿ ಬರೆದಷ್ಟೇ. ಬ್ಲಾಡರ್ ಇರುವ ಟ್ಯೂಬುಗಳಿಗೆ ಒಂದೆರಡು ಪಿಎಸ್‌ಐ ಒಳಗೇ ಇರುತ್ತದೆ. ಕಾರಿನ ಟಯರಿಗೆ ಮೂವತ್ತರ ಮೇಲೆ ಹಾಕಿ ರೂಢಿ ಇರುವ ನಮಗೆ ಇದು ಏನೂ ಅಲ್ಲ ಅನಿಸುತ್ತದೆ, ಪೆಟ್ರೋಲ್ ಬಂಕಿನ ಪಂಪ್ ಹಚ್ಚಿಬಿಡುತ್ತೇವೆ. ದಯವಿಟ್ಟು ಬೇಡ. ಕೈಯಲ್ಲೋ ಕಾಲಲ್ಲೋ ಒತ್ತುವ ಪಂಪ್ ಸಾಕು. ಹೆಬ್ಬೆರಳಿಂದ ಜೋರಾಗಿ ಒತ್ತಿದರೆ ಸ್ವಲ್ಪ ತಗ್ಗಬೇಕು. ಕವರಿನ ಸುಕ್ಕು ಹೋಗಿರಬೇಕು. ಅಷ್ಟು.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕಂದ್ರೆ ಒಳ್ಳೆಯ ಟ್ಯೂಬುಗಳು ಸಾಯೋದು ಇಲ್ಲೇ. ಬೆಳಗ್ಗೆ 12 ಡಿಗ್ರಿ ಚಳಿಯಲ್ಲಿ ಒಂದೂವರೆ ಪಿಎಸ್‌ಐ ತುಂಬಿದಿರಿ ಅನ್ನಿ. ಮಧ್ಯಾಹ್ನ ದಡಕ್ಕೆ ತಂದು ಬಿಸಿಲಲ್ಲಿ ಬಿಟ್ಟಿರಿ. ಕಪ್ಪು ಕವರ್ ಕಾದು ಒಳಗಿನ ಗಾಳಿ 50 ಡಿಗ್ರಿ ಆಯಿತು. ಕವರ್ ಹಿಗ್ಗಲಿಲ್ಲ ಅಂದರೆ ಈಗ ಒತ್ತಡ ಮೂರೂವರೆ ಪಿಎಸ್‌ಐ ದಾಟಿರುತ್ತದೆ. ಎರಡು ಪಟ್ಟಿಗೂ ಜಾಸ್ತಿ! ಹೊರಗಿನ ವಾತಾವರಣದ 14.7 ಪಿಎಸ್‌ಐ ಕೂಡಿಸಿ ಲೆಕ್ಕ ಹಾಕಬೇಕಾದ್ದರಿಂದ ಹೀಗೆ ಆಗುತ್ತದೆ, ಸ್ವಲ್ಪ ಬಿಸಿಯೇ ಸಾಕು.

ನನಗೆ ಇದು ಆಗಿದ್ದು ವಾಷಿಂಗ್ಟನ್ ಪೂರ್ವದ ಡ್ರೈ ಫಾಲ್ಸ್ ಕೆರೆಯಲ್ಲಿ. ಹಿಮಯುಗದ ಮಹಾಪ್ರವಾಹ ಕೊರೆದಿಟ್ಟ, ಸುಮಾರು 120 ಮೀಟರ್ ಎತ್ತರದ ಕಪ್ಪು ಬಂಡೆಗೋಡೆ, ಅದರ ಬುಡದಲ್ಲಿ ಕೆರೆ. ಬೆಳಗ್ಗೆ ಚೆನ್ನಾಗಿ ಮೀನು ಸಿಕ್ಕಿತ್ತು. ಟ್ಯೂಬನ್ನು ಬಂಡೆ ಮೇಲೆ ಬಿಟ್ಟು ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದೆ. ಟಿಕ್, ಟಿಕ್, ಟಿಕ್ ಅಂತ ಸದ್ದು. ಏನೋ ಹುಳ ಅಂದುಕೊಂಡೆ. ತಿರುಗಿ ನೋಡಿದರೆ ಜಿಪ್ಪಿನ ಹಲ್ಲು ಒಂದೊಂದೇ ಬಿಟ್ಟುಕೊಳ್ಳುತ್ತಿದೆ, ಕಿತ್ತಳೆ ಬಣ್ಣದ ಬ್ಲಾಡರ್ ಆ ಸೀಳಿನಿಂದ ಬದನೆಕಾಯಿ ಗಾತ್ರಕ್ಕೆ ಉಬ್ಬಿ ಹೊರಗೆ ಬಂದಿದೆ. ಓಡಿಹೋಗಿ ವಾಲ್ವ್ ಒತ್ತಿದೆ. ಬ್ಲಾಡರ್ ಉಳಿಯಿತು, ಜಿಪ್ ಹೋಯಿತು. ಅಲ್ಲಿಂದ ಈಚೆಗೆ ದಡಕ್ಕೆ ಬಂದ ತಕ್ಷಣ ಎರಡು ಕ್ಷಣ ಗಾಳಿ ಬಿಡುತ್ತೇನೆ, ನೆರಳಿಗೆ ಎಳೆಯುತ್ತೇನೆ, ಆಮೇಲೇ ಊಟದ ಡಬ್ಬಿ.

ಇದರ ಇನ್ನೊಂದು ಮಗ್ಗುಲೂ ಇದೆ. ಬಿಸಿಲಲ್ಲಿ ತುಂಬಿ ತಣ್ಣೀರಿಗೆ ಇಳಿದರೆ ಹತ್ತು ನಿಮಿಷದಲ್ಲಿ ಟ್ಯೂಬ್ ಮೆತ್ತಗಾಗುತ್ತದೆ. ತೂತು ಬಿತ್ತು ಅಂತ ಗಾಬರಿಯಾಗಬೇಡಿ. ಮೊದಲು ಟ್ಯೂಬನ್ನು ನೀರಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ಟು, ಆಮೇಲೆ ಇನ್ನಷ್ಟು ಗಾಳಿ ಹಾಕಿ ಹೊರಡಿ.

ಬೆಟ್ಟದ ದಾರಿಯ ವಿಷಯವೂ ಹೀಗೇ. ಸಿಯಾಟಲ್‌ನಲ್ಲಿ ಮನೆಯಲ್ಲೇ ತುಂಬಿ ಪಿಕಪ್ ಹಿಂದೆ ಹಾಕಿಕೊಂಡು ಪೂರ್ವದ ಕಡೆಗೆ ಹೋಗುವವರಿದ್ದಾರೆ. ದಾರಿಯಲ್ಲಿ ಸ್ನೋಕ್ವಾಲ್ಮಿ ಪಾಸ್ ಅನ್ನೋ ಘಾಟಿ ದಾಟಬೇಕು, 3,022 ಅಡಿ ಎತ್ತರ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಸಮುದ್ರಮಟ್ಟಕ್ಕಿಂತ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ. ಹೊರಗೆ ಕಡಿಮೆಯಾದಷ್ಟೂ ಒಳಗಿನಿಂದ ಹೊಲಿಗೆಯ ಮೇಲೆ ಬೀಳುವ ಒತ್ತಡ ಜಾಸ್ತಿ. ಮನೆಯಲ್ಲಿ ಒಂದೂವರೆ ಇದ್ದದ್ದು ಅಲ್ಲಿ ಮೂರು. ಕೆರೆ ಹತ್ತಿರವೇ ತುಂಬಿ.

ಹೊಸದು ದುಬಾರಿ. ಹಳೆಯದು ತಗೊಳ್ಳಬಹುದಾ?

ಧಾರಾಳವಾಗಿ. ತುಂಬ ಜನ ಒಂದು ಬೇಸಿಗೆ ಬಳಸಿ ಗ್ಯಾರೇಜಿಗೆ ಎಸೆದಿರುತ್ತಾರೆ. ಆದರೆ ಮಾರುವವರ ಮನೆಗೆ ಹೋಗುವ ಮೊದಲೇ ಫೋನಲ್ಲಿ ಹೇಳಿ, "ನಾನು ಬರುವ ಹೊತ್ತಿಗೆ ಎರಡು ಗಂಟೆ ಮುಂಚೆ ಗಾಳಿ ತುಂಬಿಟ್ಟಿರಿ" ಅಂತ. ಆಗಷ್ಟೇ ತುಂಬಿದ್ದು ಎಲ್ಲವೂ ಗಟ್ಟಿಯಾಗೇ ಕಾಣುತ್ತದೆ.

ಹೋದ ಮೇಲೆ ಬಣ್ಣ ನೋಡಿ. ಮೇಲ್ಭಾಗ ತಳಭಾಗಕ್ಕಿಂತ ತೀರಾ ಮಂಕಾಗಿದ್ದರೆ ಬಿಸಿಲಲ್ಲೇ ಬಿದ್ದಿತ್ತು ಅಂತ ಅರ್ಥ, ಬಟ್ಟೆಯನ್ನು ಉಗುರಲ್ಲಿ ಗೀರಿ, ಪುಡಿ ಬಂದರೆ ಬೇಡ. ಮೂಸಿ ನೋಡಿ. ಬೂಷ್ಟಿನ ವಾಸನೆ ಇದ್ದರೆ ಒದ್ದೆಯಾಗೇ ಮಡಚಿಟ್ಟಿದ್ದಾರೆ, ಹೊಲಿಗೆಯ ದಾರವೂ ಲೇಪವೂ ಹಾಳಾಗಿರಬಹುದು. ಜಿಪ್ಪನ್ನು ಎರಡು ಸಲ ಪೂರ್ತಿ ಎಳೆದು ನೋಡಿ. ಗ್ಯಾರೇಜಿನಲ್ಲಿ ಇಟ್ಟಿದ್ದರೆ ಇಲಿ ಕಡಿದಿದೆಯಾ ಅಂತ ಮಡಿಕೆಗಳಲ್ಲಿ ಹುಡುಕಿ. ಇಷ್ಟಾದ ಮೇಲೆ ಬೆಲೆ ಮಾತಾಡಿ.

ಹೊಸದರಲ್ಲೇ ತೀರಾ ಅಗ್ಗದ್ದು, ನೂರು ಡಾಲರ್ ಆಸುಪಾಸಿನದ್ದು, ವರ್ಷಕ್ಕೆ ನಾಲ್ಕೈದು ಸಲ ಹತ್ತಿರದ ಪಾರ್ಕಿನ ಕೆರೆಗೆ ಹೋಗುವವರಿಗೆ ಸಾಕಾಗಬಹುದು. ತಿಂಗಳಿಗೆ ಎರಡು ಮೂರು ಸಲ ಹೋಗುವವರಾದರೆ ಅದೇ ದುಡ್ಡಿಗೆ ಚೆನ್ನಾಗಿ ನೋಡಿಕೊಂಡ ಹಳೆಯದು ನನ್ನ ಆಯ್ಕೆ. ಔಟ್‌ಕಾಸ್ಟ್, ಕ್ಯಾಡಿಸ್, ಕ್ಲಾಸಿಕ್ ಆಕ್ಸೆಸರೀಸ್, ಕ್ರೀಕ್ ಕಂಪನಿ ಇವೆಲ್ಲ ಇಲ್ಲಿ ಹಳೆಯ ಮಾಲಿನಲ್ಲಿ ಆಗಾಗ ಕಣ್ಣಿಗೆ ಬೀಳುವ ಹೆಸರುಗಳು. ಒಂದೇ ಹೆಸರಲ್ಲಿ ಅಗ್ಗದ್ದೂ ಒಳ್ಳೆಯದ್ದೂ ಇರುತ್ತದೆ, ಹೆಸರು ನೋಡಿ ಅಲ್ಲ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ.

ಪಂಕ್ಚರ್ ಆದರೆ ನಾನೇ ಹಾಕಿಕೊಳ್ಳಬಹುದಾ?

ಸೈಕಲ್ ಪಂಕ್ಚರ್ ಹಾಕಿ ಗೊತ್ತಿದ್ದರೆ ಇದೂ ಬರುತ್ತದೆ. ಬ್ಲಾಡರ್ ಹೊರಗೆ ತೆಗೆದು ಮೆಲ್ಲಗೆ ಸ್ವಲ್ಪ ಗಾಳಿ ತುಂಬಿ, ಸ್ನಾನದ ತೊಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಅದ್ದಿ. ಗುಳ್ಳೆ ಎದ್ದ ಕಡೆ ಪೆನ್ನಲ್ಲಿ ಗುರುತು. ಕವರ್ ಇಲ್ಲದ ಬ್ಲಾಡರಿಗೆ ಜಾಸ್ತಿ ಗಾಳಿ ಹಾಕಿದರೆ ಅದೇ ಒಡೆಯುತ್ತದೆ, ಟಯರ್ ಇಲ್ಲದ ಟ್ಯೂಬಲ್ವಾ. ಗುಳ್ಳೆ ಎಲ್ಲೂ ಕಾಣದಿದ್ದರೆ ವಾಲ್ವಿನ ಬಾಯಿಗೆ ಸೋಪುನೀರು ಸವರಿ. ಎಷ್ಟೋ ಸಲ ಅಲ್ಲಿ ಒಂದು ಮರಳಿನ ಕಣ ಕೂತಿರುತ್ತದೆ, ಅಷ್ಟೇ ಕತೆ.

ಅಂಟಿನ ವಿಷಯದಲ್ಲಿ ಮಾತ್ರ ಎಚ್ಚರ. ಯುರೆಥೇನಿಗೆ ಅಕ್ವಾಸೀಲ್ ಥರದ ಅಂಟು ಹಿಡಿಯುತ್ತದೆ, ಒಂದು ರಾತ್ರಿ ಪೂರ್ತಿ ಒಣಗೋಕೆ ಬಿಡಬೇಕು. ವಿನೈಲಿಗೆ ಅದು ಸರಿಯಾಗಿ ಕೂರಲ್ಲ, ವಿನೈಲಿನ ಅಂಟೇ ಬೇಕು. ಟಿಯರ್-ಏಡ್ ಪಟ್ಟಿಯಲ್ಲೂ ವಿನೈಲಿಗೆ ಟೈಪ್ ಬಿ, ಬೇರೆಯವಕ್ಕೆ ಟೈಪ್ ಎ. ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಪ್ಯಾಚಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ ಹಚ್ಚಿ. ಚೂಪು ಮೂಲೆಯಿಂದಲೇ ಅದು ಏಳೋಕೆ ಶುರುವಾಗೋದು. ಬ್ಲಾಡರನ್ನು ವಾಪಸ್ ಹಾಕುವ ಮುಂಚೆ ಕವರಿನ ಒಳಗಿನ ಮರಳನ್ನೆಲ್ಲ ಕೊಡವಿ, ಬ್ಲಾಡರಿಗೆ ಒಂದು ಹಿಡಿ ಟಾಲ್ಕಂ ಪೌಡರ್ ಸವರಿ. ಮಾವನ ಅಂಗಡಿಯಲ್ಲಿ ಟ್ಯೂಬಿಗೆ ಫ್ರೆಂಚ್ ಚಾಕ್ ಪುಡಿ ಉದುರಿಸುತ್ತಿದ್ದದ್ದು ಇದಕ್ಕೇ, ಒಳಗೆ ಅಂಟಿಕೊಳ್ಳದೆ ಜಾರಿ ಕೂರಲಿ ಅಂತ.

ನಡುನೀರಲ್ಲಿ ಗಾಳ ಚುಚ್ಚಿದರೆ ಢಂ ಅಂತ ಒಡೆದುಹೋಗುತ್ತಾ?

ಇಲ್ಲ. ಒತ್ತಡ ಕಡಿಮೆ, ಬ್ಲಾಡರಿನ ಸುತ್ತ ಬಿಗಿಯಾದ ಕವರ್ ಇದೆ. ಗಾಳದ ತೂತಿನಿಂದ ನಿಧಾನವಾಗಿ ಸೋರುತ್ತದೆ, ದಡಕ್ಕೆ ಬರೋಕೆ ಸಮಯ ಇರುತ್ತದೆ. ಚುಚ್ಚಿದ ಗಾಳವನ್ನು ನೀರಲ್ಲಿ ಕಿತ್ತು ತೆಗೆಯೋಕೆ ಹೋಗಬೇಡಿ. ದಾರ ಕತ್ತರಿಸಿ, ಗಾಳ ಅಲ್ಲೇ ಇರಲಿ, ದಡಕ್ಕೆ ಬನ್ನಿ. ಹೊಲಿಗೆ ಬಿಟ್ಟರೆ ಮಾತ್ರ ಗಾಳಿ ಬೇಗ ಹೋಗಬಹುದು. ಹೊಲಿಗೆ ಹೊಲಿಗೆ ಅಂತ ನಾನು ಬಡಿದುಕೊಳ್ಳೋದು ಅದಕ್ಕೇ.

ಒಳಮುಳ್ಳು (ಬಾರ್ಬ್) ಇಲ್ಲದ ಗಾಳ ಬಳಸಿ, ಇಲ್ಲಿನ ಕೆಲವು ಕೆರೆಗಳಲ್ಲಿ ನಿಯಮವೂ ಅದೇ. ಇಕ್ಕಳ, ಕತ್ತರಿ ಎಲ್ಲ ದಾರ ಕಟ್ಟಿ ನೇತುಹಾಕಿ, ತೊಡೆ ಮೇಲೆ ಬಿಚ್ಚಿದ ಚಾಕು ಇಟ್ಟುಕೊಳ್ಳಬೇಡಿ.

ಈಜು ಬರಲ್ಲ. ಹೋಗಬಹುದಾ?

ಮೊದಲು ಈಜು ಕಲಿಯಿರಿ. ಬಂದರೂ ಬರದಿದ್ದರೂ ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಟ್ಯೂಬಿನ ಜೇಬಿನಲ್ಲಿ ಅಲ್ಲ. ಇಲ್ಲಿ ಏಪ್ರಿಲ್‌ನಲ್ಲಿ ಕೆರೆ ನೀರು ಮೈ ಕೊರೆಯುತ್ತದೆ. ತಣ್ಣೀರಿಗೆ ಬಿದ್ದ ಮೊದಲ ನಿಮಿಷ ಉಸಿರೇ ಹತೋಟಿಗೆ ಸಿಗಲ್ಲ, ಹತ್ತು ನಿಮಿಷ ಆಗುತ್ತಾ ಕೈಕಾಲು ಮಾತು ಕೇಳಲ್ಲ. ಒಳ್ಳೆಯ ಈಜುಗಾರರಿಗೂ ಇದೇ ಗತಿ. ವೇಡರಿನ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿ, ಒಳಗೆ ಉಣ್ಣೆಯದ್ದು ಹಾಕಿ. ಹತ್ತಿ ಬಟ್ಟೆ ಬೇಡ. ನೀರಿಗೆ ಇಳಿಯುವಾಗ ಹಿಂದುಹಿಂದಕ್ಕೆ ನಡೆಯಿರಿ, ಫಿನ್ಸ್ ಹಾಕಿಕೊಂಡು ಮುಂದಕ್ಕೆ ನಡೆದರೆ ಮುಗ್ಗರಿಸೋದು ಗ್ಯಾರಂಟಿ.

ನದಿಯಲ್ಲಿ ಬಳಸಬಹುದಾ? ಗಾಳಿ ಬೀಸಿದರೆ?

ಹರಿಯುವ ನೀರಿಗೆ ಬೇಡವೇ ಬೇಡ. ಕಾಲು ಕೆಳಗೆ ಇಳಿಬಿದ್ದಿರುತ್ತದೆ, ಕೊಂಬೆಗೋ ಕಲ್ಲಿಗೋ ಸಿಕ್ಕಿದರೆ ನೀರು ನಿಮ್ಮನ್ನು ಮಗುಚುತ್ತದೆ.

ಕೆರೆಯಲ್ಲಿ ಗಾಳಿಯದ್ದೇ ಚಿಂತೆ. ಫಿನ್ಸ್ ಬಡಿದು ನಾವು ಹೋಗೋದು ನಡಿಗೆಗಿಂತ ನಿಧಾನ. ಅದಕ್ಕೆ ಹೊರಡುವಾಗಲೇ ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ವಾಷಿಂಗ್ಟನ್ ಪೂರ್ವದ ಬಯಲಲ್ಲಿ ಮಧ್ಯಾಹ್ನ ಗಾಳಿ ಎದ್ದುಬಿಡುತ್ತದೆ, ನಾನು ಊಟದ ಹೊತ್ತಿಗೆ ಮೇಲೆ ಬಂದುಬಿಡುತ್ತೇನೆ.

ಮನೆಗೆ ಬಂದ ಮೇಲೆ ಏನು ಮಾಡಬೇಕು?

ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೀಟಿನ ಸಂದಿ, ಜೇಬಿನ ಮೂಲೆ, ಫಿನ್ಸ್ ಒಳಗೆ ಸಿಕ್ಕಿದ ಕೆಸರು ಯಾವುದೂ ಬಿಡಬೇಡಿ. ಇದು ಟ್ಯೂಬಿಗೆ ಮಾತ್ರ ಅಲ್ಲ, ಕೆರೆಗೂ ಬೇಕಾದದ್ದು. ಒಲಿಂಪಿಯಾದ ಕ್ಯಾಪಿಟಲ್ ಲೇಕಿನಲ್ಲಿ ನ್ಯೂಜಿಲೆಂಡ್ ಮಡ್ ಸ್ನೇಲ್ ಅನ್ನೋ ಬಸವನಹುಳು 2009ರಲ್ಲಿ ಸಿಕ್ಕಿತು, ಆಗಲೇ ಆ ಕೆರೆಯನ್ನು ಜನರಿಗೆ ಮುಚ್ಚಿದರು. ಅಕ್ಕಿಕಾಳಿಗಿಂತ ಚಿಕ್ಕದೂ ಇರುತ್ತದೆ ಅದು, ಕೆಸರಲ್ಲಿ ಕಾಣೋದೇ ಇಲ್ಲ, ನಮ್ಮ ಕಾಲಿನ ಮೂಲಕವೇ ಇನ್ನೊಂದು ಕೆರೆಗೆ ಹೋಗುತ್ತದೆ.

ಒಣಗಿದ ಮೇಲೆ ಸಡಿಲವಾಗಿ ಸುತ್ತಿ ನೆರಳಲ್ಲಿ ಇಡಿ, ಪ್ರತಿಸಲ ಅದೇ ಗೆರೆಯಲ್ಲಿ ಮಡಚಬೇಡಿ. ಜಾಗ ಇದ್ದರೆ ಅರ್ಧ ಗಾಳಿ ಬಿಟ್ಟು ಗೋಡೆಗೆ ನೇತುಹಾಕೋದು ಇನ್ನೂ ವಾಸಿ.

ಲೈಸೆನ್ಸ್ ಬೇಕಾ? ಮೊದಲು ಎಲ್ಲಿಗೆ ಹೋಗಲಿ?

ಬೇಕು. ವಾಷಿಂಗ್ಟನ್‌ನಲ್ಲಿ 15 ವರ್ಷ ಮತ್ತು ಮೇಲ್ಪಟ್ಟ ಎಲ್ಲರಿಗೂ. ವರ್ಷದ ಲೈಸೆನ್ಸ್ ಏಪ್ರಿಲ್ 1ರಿಂದ ಮಾರ್ಚ್ 31ರ ತನಕ, ಫೆಬ್ರವರಿಯಲ್ಲಿ ತಗೊಂಡು ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸಲ ಮನೆ ಹತ್ತಿರದ ಚಿಕ್ಕ ಕೆರೆಯಲ್ಲಿ ಗಾಳದ ಕೋಲು ಇಲ್ಲದೆಯೇ ಒಂದು ಗಂಟೆ ಸುಮ್ನೆ ತೇಲಿ ಅಭ್ಯಾಸ ಮಾಡಿ. ಆಮೇಲೆ ಡಿಸೆಪ್ಷನ್ ಪಾಸ್ ಹತ್ತಿರದ ಪಾಸ್ ಲೇಕ್ ಚೆನ್ನಾಗಿದೆ, ಅಲ್ಲಿ ಫ್ಲೈ ಗಾಳ (ಗರಿ, ನೂಲು ಸುತ್ತಿ ಹುಳದ ಹಾಗೆ ಮಾಡಿದ್ದು) ಮಾತ್ರ, ಹಿಡಿದದ್ದನ್ನು ವಾಪಸ್ ಬಿಡಬೇಕು.

ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ತಗೊಂಡು ಹೋಗಿ ನಮ್ಮ ಕೆರೆಯಲ್ಲಿ ಬಳಸಬಹುದಾ?

ತುಂಬ ಜನ ಕೇಳುತ್ತಾರೆ, ಆಸೆ ಅರ್ಥ ಆಗುತ್ತದೆ. ಹೊಳೆಗೆ ಬೇಡ. ಹರಿಯುವ ನೀರು ಒಂದು ಕಾರಣ. ಕಾವೇರಿಯಲ್ಲಿ ರಂಗನತಿಟ್ಟಿನ ಆಸುಪಾಸು, ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ, ಕಾಲು ಇಳಿಬಿಟ್ಟು ಕೂರುವ ಜಾಗ ಅಲ್ಲ. ಕೆರೆ ಆದರೆ ಮೊದಲು ಮೀನಿನ ಹಕ್ಕು ಯಾರದ್ದು ಕೇಳಿ. ಎಷ್ಟೋ ಕೆರೆಗಳನ್ನು ಮೀನುಗಾರರ ಸಹಕಾರ ಸಂಘಕ್ಕೋ ಹರಾಜಲ್ಲಿ ಹಿಡಿದವರಿಗೋ ಕೊಟ್ಟಿರುತ್ತಾರೆ, ಮರಿ ಬಿಟ್ಟು ಸಾಕಿದವರು ಅವರು. ಒಪ್ಪಿದರೂ ಅಂತರಗಂಗೆ, ಕಳೆ ದಟ್ಟ ಇರುವ ಕಡೆ ಇಳಿಯಬೇಡಿ, ಫಿನ್ಸ್‌ಗೆ ಬೇರು ಸುತ್ತಿಕೊಂಡರೆ ಬಿಡಿಸಿಕೊಳ್ಳೋಕೆ ಆಗಲ್ಲ.

ಹೋದ ಸಲ ಊರಿಗೆ ಹೋದಾಗ ಮಾವನಿಗೆ ತೋರಿಸೋಣ ಅಂತ ನನ್ನದನ್ನು ಒಯ್ದಿದ್ದೆ. ಕೆರೆ ಏರಿ ಮೇಲೆ ಗಾಳಿ ತುಂಬಿದೆವು. ಅವರು ಹೊಲಿಗೆಗುಂಟ ಹೆಬ್ಬೆರಳು ಎಳೆಯುತ್ತಾ ಒಂದು ಸುತ್ತು ಬಂದರು, ಆಮೇಲೆ ದಡದ ಕಡೆ ಕೈ ತೋರಿಸಿದರು. ನೀರು ಇಳಿದ ಜಾಗದಲ್ಲೆಲ್ಲ ಬಳ್ಳಾರಿ ಜಾಲಿ, ಕೆಸರಲ್ಲಿ ಅರ್ಧ ಹೂತ ಮುಳ್ಳು. "ಇದು ಲಾರಿ ಟಯರನ್ನೇ ಬಿಟ್ಟಿಲ್ಲ, ಇದನ್ನ ಬಿಡುತ್ತಾ?" ಅಂದರು. ಅಲ್ಲೇ ಗಾಳಿ ಬಿಟ್ಟು ಸುತ್ತಿ ಚೀಲಕ್ಕೆ ಹಾಕಿದೆ, ಇಬ್ಬರೂ ಏರಿಯ ಕಲ್ಲಿನ ಮೇಲೆ ಕೂತು ಸಂಜೆವರೆಗೆ ದಡದಿಂದಲೇ ಗಾಳ ಹಾಕಿದೆವು.